ಜೊತೆಗಿರಬಲ್ಲ ಮೀನುಗಳು

ಆಗಸ್ಟ್ ೧೦, ಭಾನುವಾರ

ಭಾವನ ಆಫೀಸಿನವರೊಬ್ಬರು ಚೆನ್ನೈಗೆ ವರ್ಗವಾಗಿ ಹೋಗುವಾಗ ತಮ್ಮ ಗಾಜಿನ ಮೀನುತೊಟ್ಟಿಯನ್ನು ಇವರಿಗೆ ಕೊಟ್ಟುಹೋಗಿದ್ದಾರೆ. ಮೀನಿಲ್ಲ, ಬರೀ ತೊಟ್ಟಿ. ಹಾಲ್‌ನಲ್ಲಿ ಅಕ್ಕನ ಹೊಲಿಗೆ ಮಷಿನ್ ಇದ್ದ ಜಾಗದಲ್ಲಿ ಅದನ್ನು ಇಟ್ಟದ್ದಾಯಿತು. ಮಷಿನ್ ಬಾಲ್ಕನಿಗೆ ಹೋಯಿತು.

ಅಕ್ಕನ ಮಗಳು ಗೌತಮಿ ಶಾಲೆಯ ಪುಸ್ತಕ ತಂದು ಒಂದು ಚಿತ್ರದ ಮೇಲೆ ಬೆರಳಿಟ್ಟಳು. ಆಫ್ರಿಕಾದ ಯಾವುದೋ ಸರೋವರ, ಅದರಲ್ಲಿ ಬಣ್ಣದ ಮೀನು. "ಮೌಶಿ, ಹೇಚ್ ಪಾಹಿಜೇ. ಇವೇ ಬೇಕು." ಇಲ್ಲಿನ ಮರಾಠಿಯಲ್ಲಿ ಚಿಕ್ಕಮ್ಮನಿಗೆ ಮೌಶಿ.

ಭಾವ ನನ್ನ ಕಡೆ ತಿರುಗಿದರು. "ಶಿವಕಾಂತಾ, ನೀ ಓದಿದಾಕಿ. ಯಾವ ಯಾವ ಮೀನ ಹೊಂದಿಕೊಂಡು ಇರ್ತಾವ, ನೋಡಿ ಹೇಳು. ಸಣ್ಣವು ಇರ್ಲಿ. ಜಗಳಾ ಬ್ಯಾಡ."

ನಾನು ಓದಿದ್ದು ಕನ್ನಡ ಎಂ.ಎ. ಅದರಲ್ಲಿ ಮೀನು ಬಂದದ್ದು ಕಣ್ಣಿನ ಹೋಲಿಕೆಗೆ ಮಾತ್ರ. ಆದರೂ ಹೂಂ ಎಂದೆ. ನಾನು ಎಲ್ಲಕ್ಕೂ ಹೂಂ ಎನ್ನುತ್ತೇನೆ. ಕಳೆದ ಅಕ್ಟೋಬರಿನಲ್ಲಿ ಡೆಂಗಿಯಿಂದ ಅಕ್ಕ ಹೋದಾಗ, "ಮಗು ಸುಧಾರಿಸೂತನಕ ಪುಣೆಯ ವಾಕಡದಾಗ ಇದ್ದು ಬಾ" ಎಂದರು ಮನೆಯವರು. ಅದಕ್ಕೂ ಹೂಂ ಎಂದಿದ್ದೆ. ಇನ್ನೂ ಇಲ್ಲೇ ಇದ್ದೇನೆ.

ನಿನ್ನೆ ಫೋನಿನಲ್ಲಿ ಅವ್ವ, "ವರ್ಷಾಂತ ಒಂದು ಆಗ್ಲಿ. ಆಮ್ಯಾಲ ಒಂದು ಮಾತದ" ಎಂದಳು. ಯಾವ ಮಾತೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆದರೆ ಇಬ್ಬರಿಗೂ ಗೊತ್ತು. ನಮ್ಮ ದೊಡ್ಡಪ್ಪನ ಮನೆಯಲ್ಲಿ ದೊಡ್ಡವ್ವ ಸತ್ತ ಮೇಲೆ ಅವಳ ತಂಗಿಯೇ ದೊಡ್ಡವ್ವಳಾದಳು. ಸೀರೆಗಳನ್ನೂ ಹೊಸದಾಗಿ ಕೊಳ್ಳಲಿಲ್ಲ.

ನನಗೆ ಈ ಮದುವೆ ಬೇಡ. ಇಲ್ಲಿ ಬರೆದು ನೋಡಿದೆ. ಬರೆಯಲು ಬರುತ್ತದೆ.

ಆಗಸ್ಟ್ ೧೩, ಬುಧವಾರ

ಗೌತಮಿ ಶಾಲೆಗೆ ಹೋದ ಮೇಲೆ ಇಡೀ ಬೆಳಗು ಓದಿದೆ. ಇವುಗಳ ಕುಲದ ಹೆಸರು ಸಿಕ್ಲಿಡ್. ಆಫ್ರಿಕಾದವುಗಳಲ್ಲಿ ಸರೋವರದವು ಬೇರೆ, ಹೊಳೆಯವು ಬೇರೆ. ಸರೋವರದವಕ್ಕೆ ಗಡಸು ನೀರು ಬೇಕು, ಹೊಳೆಯವಕ್ಕೆ ಮೆದು ನೀರು. ಎರಡನ್ನೂ ಒಂದೇ ಕಡೆ ಇಡಬಾರದು. ಸರೋವರದ ನೀಲಿ, ಹಳದಿ ಮೀನುಗಳು ನೋಡಲು ಚಂದ, ಆದರೆ ಕಲ್ಲಿನ ಸಂದಿಗಾಗಿ ಒಂದನ್ನೊಂದು ಕಚ್ಚಿ ಸಾಯಿಸುತ್ತವೆ. ಹೊಳೆಯವುಗಳಲ್ಲಿ ಕ್ರಿಬ್ ಎಂಬುದೊಂದಿದೆ. ಬೆರಳಿನಷ್ಟು ಉದ್ದ, ಸಾಧು. ಅದರ ಜೊತೆ ಮೇಲಿನ ನೀರಿನಲ್ಲಿ ಈಜುವ ಟೆಟ್ರಾ ಎಂಬ ಪುಟ್ಟ ಮೀನುಗಳನ್ನು ಬಿಡಬಹುದು.

ಆದರೆ ಸಾಧು ಎಂದು ಬರೆದವರೆಲ್ಲ ಕೊನೆಗೊಂದು "ಆದರೆ" ಸೇರಿಸುತ್ತಾರೆ. ಮೊಟ್ಟೆ ಇಡುವತನಕ ಸಾಧು. ಜಾಗ ಸಾಕಷ್ಟಿದ್ದರೆ ಸಾಧು. ಗಂಡು ಹೆಣ್ಣನ್ನು ನಾವು ಆರಿಸಿ ಕೊಟ್ಟರೆ ಒಪ್ಪುತ್ತವೆಂಬ ಭರವಸೆಯಿಲ್ಲ, ಒಪ್ಪದಿದ್ದರೆ ಒಂದು ಉಳಿಯುವುದಿಲ್ಲ ಎಂದು ಒಬ್ಬರು ಬರೆದಿದ್ದಾರೆ. ಮೀನು ಸತ್ತರೆ ಗೌತಮಿಗೆ ಏನು ಹೇಳುವುದು?

ಆಗಸ್ಟ್ ೧೭, ಭಾನುವಾರ

ಅಂಗಡಿಗೆ ಹೋಗಿದ್ದೆ. ಮೋಹನದಾಸ್ ಎಂಬವರದು. ಗೋಡೆಯುದ್ದಕ್ಕೂ ತೊಟ್ಟಿಗಳು, ಒಳಗೆಲ್ಲ ಪಂಪಿನ ಗುಳುಗುಳು. ಹೊರಗೆ ನಿಂತು, ಬೇರೆ ಗಿರಾಕಿಗಳು ಹೋಗಲಿ ಎಂದು ಕಾದು, ಆಮೇಲೆ ಒಳಗೆ ಹೋದೆ.

"ಬೋಲಾ ಮ್ಯಾಡಮ್, ಕಾಯ್ ಪಾಹಿಜೇ?"

ಏನು ಬೇಕೆಂದು ಮರಾಠಿಯಲ್ಲಿ ಹೇಳಲು ಇಡೀ ವಾಕ್ಯ ಕಟ್ಟಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು "ಆಫ್ರಿಕನ್" ಒಂದೇ. ಅವರು "ಹಾಂ, ಮಿಕ್ಸ್ ಆಫ್ರಿಕನ್!" ಎಂದು ಬಲೆ ಇಳಿಸಿಯೇ ಬಿಟ್ಟರು. ನೀಲಿ, ಹಳದಿ, ಪಟ್ಟೆಯವು. ನಾನು "ಕ್ರಿಬ್" ಎಂದೆ. ಪಂಪಿನ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬಹುದಿತ್ತು. ಅಷ್ಟರಲ್ಲಿ ಚೀಲದಲ್ಲಿ ಗಾಳಿ ತುಂಬಿ ರಬ್ಬರ್ ಬ್ಯಾಂಡ್ ಸುತ್ತಿದ್ದರು. ರಬ್ಬರ್ ಬ್ಯಾಂಡ್ ಸುತ್ತಿದ ಮೇಲೆ ಹೇಗೆ ಬೇಡ ಎನ್ನುವುದು?

ಬೇಡದ ಮೀನನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಮನೆಗೆ ಬಂದೆ. ಗೌತಮಿ ಕುಣಿದಳು.

ಆಗಸ್ಟ್ ೧೯, ಮಂಗಳವಾರ

ನೀಲಿಯದು ಹಳದಿಯದರ ಬಾಲ ಕಚ್ಚಿ ಹರಿದಿದೆ. ಹಳದಿ ಮೀನು ಫಿಲ್ಟರಿನ ಹಿಂದೆ ಅಡಗಿದೆ, ತಿನ್ನಲು ಬರುತ್ತಿಲ್ಲ. ಎಲ್ಲ ನನ್ನಿಂದ.

ಆಗಸ್ಟ್ ೨೩, ಶನಿವಾರ

ವಾಪಸು ಕೊಟ್ಟು ಬಂದೆ. ನಾಲ್ಕು ವಾಕ್ಯ ಬಾಯಿಪಾಠ ಮಾಡಿಕೊಂಡಿದ್ದೆ, ಎರಡು ನೆನಪಿಗೆ ಬಂದವು.

ಮೋಹನದಾಸ್ ಚೀಲ ಎತ್ತಿ ನೋಡಿ ನಕ್ಕರು. "ಅಹೋ, ಮಾಸೇ ಆಹೇತ್. ಭಾಂಡಣಾರಚ್." ಮೀನಲ್ಲವೇ, ಜಗಳ ಆಡುವುದೇ ಎಂದು. ಆದರೂ ಬದಲಿ ಕೊಡಲು ಒಪ್ಪಿದರು. ಕ್ರಿಬ್ ಮರಿಗಳನ್ನು ಐದಾರು ಕೊಡಿ, ಜೋಡಿ ಅವೇ ಮಾಡಿಕೊಳ್ಳಲಿ ಎಂದು ಕೇಳಬೇಕಿತ್ತು. ಮರಿ ಇರಲಿಲ್ಲ. ಒಂದೇ ಮೂಲೆಯಲ್ಲಿ ಯಾವಾಗಲೂ ಜೊತೆಗಿರುವ ಒಂದು ಜೋಡಿ ಇತ್ತು, ಅದನ್ನೇ ಕೊಟ್ಟರು, ಜೊತೆಗೆ ಟೆಟ್ರಾ. ಅಂಗಡಿಯಿಂದ ಹೊರಗೆ ಬಂದಾಗ ಬೆನ್ನೆಲ್ಲ ಬೆವರಿತ್ತು.

ಸೆಪ್ಟೆಂಬರ್ ೫, ಶುಕ್ರವಾರ

ತೊಟ್ಟಿ ಶಾಂತವಾಗಿದೆ. ಟೆಟ್ರಾಗಳು ಮೇಲೆ, ಕ್ರಿಬ್‌ಗಳು ಕೆಳಗೆ ಮರಳಿನಲ್ಲಿ. ಅಡ್ಡ ಮಲಗಿಸಿದ ಮಣ್ಣಿನ ಕುಡಿಕೆಯೊಂದನ್ನು ಇಟ್ಟಿದ್ದೇನೆ, ಅವಕ್ಕೆ ಗುಹೆ ಇಷ್ಟವಂತೆ. ಗೌತಮಿ ಹೆಣ್ಣಿಗೆ ಚಿಂಗಿ ಎಂದೂ ಗಂಡಿಗೆ ಬಂಡು ಎಂದೂ ಹೆಸರಿಟ್ಟಿದ್ದಾಳೆ. ಇವುಗಳಲ್ಲಿ ಹೆಣ್ಣೇ ಚಂದ. ಹೊಟ್ಟೆಯ ಮೇಲೆ ನೇರಳೆ ಹಣ್ಣು ಒರೆಸಿದಂಥ ಬಣ್ಣ.

ಭಾವ ಆಫೀಸಿನಿಂದ ಬಂದು ಚಹಾ ಹಿಡಿದು ತೊಟ್ಟಿಯ ಮುಂದೆ ಕೂರುತ್ತಾರೆ. ಇಂದು ತಮ್ಮಷ್ಟಕ್ಕೇ, "ಜಗದೇವಿ ಇದ್ದಿದ್ರ ಇದಕ್ಕೊಂದು ಪಡದಾ ಹೊಲೀತಿದ್ಲು" ಎಂದರು. ಅಕ್ಕ ಹೋದ ಮೇಲೆ ಅವರು ಅವಳ ಹೆಸರು ಹೇಳಿದ್ದನ್ನು ನಾನು ಕೇಳಿದ್ದು ಇದೇ ಮೊದಲು. ನಾನು ಒಳಗೆ ಹೋಗಿ ಈರುಳ್ಳಿ ಹೆಚ್ಚಿದೆ.

ಅವರು ಕೆಟ್ಟವರಾಗಿದ್ದರೆ ನನಗೆ ಸುಲಭವಿತ್ತು.

ಸೆಪ್ಟೆಂಬರ್ ೧೬, ಮಂಗಳವಾರ

ಕಲಬುರ್ಗಿಯಿಂದ ಅವ್ವ ಬಂದಳು. ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಚೀಲ ತೊಗರಿಬೇಳೆ. ಮಹಾನವಮಿ, ಅಕ್ಕನ ವರ್ಷಾಂತ, ದೀಪಾವಳಿ ಎಲ್ಲ ಮುಗಿಸಿಯೇ ಹೋಗುತ್ತಾಳಂತೆ.

ತೊಟ್ಟಿ ನೋಡಿ, "ಇಷ್ಟ ದೊಡ್ಡ ಪೆಟಿಗ್ಯಾಗ ಇಷ್ಟೇ ಮೀನಾ? ಒಂದು ಹೊತ್ತಿನ ಸಾರಿಗೂ ಆಗಂಗಿಲ್ಲ" ಎಂದಳು. ಗೌತಮಿ ಕಿರುಚಿದಳು. ಭಾವ ನಕ್ಕರು. ಈ ಮನೆಯಲ್ಲಿ ನಗು ಕೇಳಿ ಎಷ್ಟೋ ದಿನವಾಗಿತ್ತು. ಅವ್ವ ಬಂದರೆ ಮನೆ ತುಂಬುತ್ತದೆ, ಅದು ನಿಜ.

ಊಟಕ್ಕೆ ಕೂತಾಗ ಗೌತಮಿಗೆ ಹೇಳಿದಳು: "ಮೌಶಿ ಮೌಶಿ ಅಂತ ಏನ್ ಕರೀತಿ. ಅವ್ವ ಅನ್ನು."

"ಕಶಾಲಾ?" ಎಂದಳು ಗೌತಮಿ. ಯಾಕೆ?

ಭಾವ ನೀರಿನ ಲೋಟ ಎತ್ತಿ ಕುಡಿದು, ಖಾಲಿಯಾದ ಮೇಲೂ ಹಿಡಿದುಕೊಂಡೇ ಇದ್ದರು.

ಸೆಪ್ಟೆಂಬರ್ ೨೦, ಶನಿವಾರ

ನಾನು ಗೌತಮಿಯನ್ನು ಕರೆದುಕೊಂಡು ಶಾಲೆಯ ಕಾರ್ಯಕ್ರಮಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ಅವ್ವ ಮಹಾನವಮಿಗೆ ಮನೆ ತೊಳೆದಿದ್ದಳು. ನಮ್ಮ ಕಡೆ ಘಟಸ್ಥಾಪನೆಯ ಮೊದಲು ಮನೆಯಲ್ಲಿ ತೊಳೆಯದ ವಸ್ತು ಒಂದೂ ಉಳಿಯಬಾರದು. ಕೌದಿ, ಪರದೆ, ಹಿತ್ತಾಳೆ, ಡಬ್ಬಿ. ಮೀನುತೊಟ್ಟಿಯನ್ನೂ ಬಿಟ್ಟಿರಲಿಲ್ಲ. ಮೀನುಗಳನ್ನು ಬಕೆಟಿನಲ್ಲಿಟ್ಟು, ಮರಳನ್ನು ಅಕ್ಕಿ ತೊಳೆದಂತೆ ತೊಳೆದು, ಗಾಜು ತಿಕ್ಕಿ, ಹೊಸ ನಲ್ಲಿ ನೀರು ತುಂಬಿಸಿದ್ದಳು.

"ನೋಡು, ಹ್ಯಾಂಗ ಕನ್ನಡಿ ಹಂಗ ಆಗ್ಯಾದ. ಎಷ್ಟ ಜಿಬರು ಇತ್ತು ಒಳಗ."

ಆ ಜಿಬರಿನಲ್ಲೇ, ಮರಳಿಗಂಟಿದ ಆ ಲೋಳೆಯಲ್ಲೇ, ಅವುಗಳ ಜೀವ ಇತ್ತು. ಒಮ್ಮೆಗೇ ಎಲ್ಲ ನೀರು ಬದಲಿಸಬಾರದು ಎಂದು ಅವ್ವನಿಗೆ ಹೇಳಿರಲಿಲ್ಲ. ಈಗ ಹೇಳಿ ಏನು? ಟೆಟ್ರಾಗಳು ಮೇಲೆ ಬಾಯಿ ತೆರೆಯುತ್ತಿವೆ. ಚಿಂಗಿ ಓರೆಯಾಗಿ ನಿಂತಿದ್ದಾಳೆ. ಅವ್ವನ ಕೈಯೆಲ್ಲ ಸುಕ್ಕುಗಟ್ಟಿದೆ, ಬೆಳಗಿನಿಂದ ಕೂತಿಲ್ಲ. "ಛಲೋ ಆಗ್ಯಾದವ್ವ" ಎಂದೆ.

ಸೆಪ್ಟೆಂಬರ್ ೨೧, ಭಾನುವಾರ

ಚಿಂಗಿ ಸತ್ತಿದ್ದಾಳೆ. ಗೌತಮಿ ಕೆಳಗೆ ಆಡಲು ಹೋಗಿದ್ದಳು, ಮೊದಲು ನೋಡಿದ್ದು ಅವ್ವ. ಅವಳ ಮುಖ ಬಿಳಿಚಿತು. "ನಾ ತೊಳದಿದ್ದಕ್ಕೇನು?" ಎಂದು ಮೆಲ್ಲಗೆ ಕೇಳಿದಳು. ನಾನು ಮುಖ ತಿರುಗಿಸಿ ಬಲೆಗೆ ಕೈ ಹಾಕಿದೆ. ಅಷ್ಟೇ ಸಾಕಾಯಿತು ಅವಳಿಗೆ.

"ಮಗು ಬರೂದ್ರಾಗ ಇನ್ನೊಂದು ತರೂಣು," ಎಂದು ಭಾವನ ಕಡೆ ತಿರುಗಿದಳು. "ಮನೋಹರಪ್ಪ, ಗಾಡಿ ತೆಗಿ. ಹಂಥಾದೇ ತಂದು ಬಿಟ್ರ ಆಕಿಗೇನು ಗೊತ್ತಾಗ್ತದ?"

"ಅವ್ವಾ, ಹಂಗ ಬಿಟ್ರ ಬಂಡು ಅದನ್ನ ಸಾಯಿಸಬಹುದು. ಸ್ವಲ್ಪ ದಿನ ಹೋಗ್ಲಿ."

"ಗಂಡು ಒಂದೇ ಎಷ್ಟ ದಿನ ಇರ್ತದ?" ಎಂದಳು ಅವ್ವ.

ಹಾಲ್‌ನಲ್ಲಿ ನಾವು ಮೂವರೇ ಇದ್ದೆವು. ಭಾವ ಗಾಡಿಯ ಕೀಲಿ ತೆಗೆದುಕೊಂಡು ನಮ್ಮಿಬ್ಬರನ್ನೂ ನೋಡದೆ ಹೊರಟರು. ಅವ್ವ ಚಪ್ಪಲಿ ಮೆಟ್ಟಿ ಹಿಂದೆಯೇ ಹೋದಳು. ಚಿಂಗಿಯನ್ನು ನಾನು ತುಳಸಿ ಕುಂಡದ ಮಣ್ಣಿನಲ್ಲಿ ಇಟ್ಟೆ.

ಅವರು ಹೊಸ ಹೆಣ್ಣನ್ನು ತಂದು ಬಿಟ್ಟ ಮೇಲೆ ಗೌತಮಿ ಬಂದು ಗಾಜಿಗೆ ಮೂಗು ಹಚ್ಚಿದಳು. ಒಂದೇ ಕ್ಷಣ. "ಇದು ಚಿಂಗಿ ಅಲ್ಲ" ಎಂದಳು. ಅವ್ವ ಏನೇನೋ ಹೇಳಿದಳು. ಗೌತಮಿ ನನ್ನನ್ನು ಕೇಳಿದಳು, "ಮೌಶಿ, ಗೇಲೀ ಕಾ?" ಹೋದಳಾ? ನಾನು ಹೂಂ ಎಂದೆ, ಕುಂಡ ತೋರಿಸಿದೆ. ಅವಳು ಅತ್ತಳು. ಅಕ್ಕ ಹೋದಾಗ ಅಳದಿದ್ದ ಮಗು ಇಂದು ನನ್ನ ಸೊಂಟ ಹಿಡಿದು ಎಷ್ಟು ಅತ್ತಳೆಂದರೆ ಅವ್ವ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ.

ಅಕ್ಟೋಬರ್ ೯, ಗುರುವಾರ

ಅಕ್ಕನ ವರ್ಷಾಂತ ಮುಗಿಯಿತು. ಅಪ್ಪ ಬಂದಿದ್ದರು. ಊಟವಾದ ಮೇಲೆ ಅವ್ವ ಎಲೆ ಅಡಿಕೆ ಮುಂದಿಟ್ಟುಕೊಂಡು ಹೇಳಿದಳು: "ತುಳಸಿ ಲಗ್ನ ಆಗ್ಲಿ. ನಾಕ ಮಂದ್ಯಾಗ ಅಕ್ಕಿಕಾಳು ಹಾಕಿ ಮುಗಿಸೂಣು. ಹೊರಗಿನಾಕಿ ಬಂದು ನನ್ನ ಮೊಮ್ಮಗಳಿಗೆ ಅನ್ನ ನೀಡೂದು ನಾ ನೋಡಂಗಿಲ್ಲ."

ಅಪ್ಪ "ನೋಡ್ರಪಾ, ನಿಮ್ಮ ನಿಮ್ಮ ಮನಸು" ಎಂದು ಪೇಪರ್ ಬಿಡಿಸಿದರು. ಭಾವ ತೊಟ್ಟಿಯತ್ತ ನೋಡುತ್ತಿದ್ದರು. ನಾನು ತಾಟುಗಳನ್ನು ಎತ್ತಿಕೊಂಡು ಒಳಗೆ ಬಂದು, ತೊಳೆದವನ್ನೇ ಮತ್ತೆ ತೊಳೆದೆ.

ಬೇಡ, ಬೇಡ, ಬೇಡ. ಬರೆದದ್ದರಿಂದ ಪ್ರಯೋಜನವೇನು?

ಅಕ್ಟೋಬರ್ ೧೩, ಸೋಮವಾರ

ಬಂಡು ಹೊಸ ಹೆಣ್ಣನ್ನು ಸಾಯಿಸಲಿಲ್ಲ. ಮೊದಮೊದಲು ಅಟ್ಟಿಸಿದ. ಆಮೇಲೆ ಅವಳೇ ಎದುರು ಬಂದು ಮೈ ಬಿಲ್ಲಿನಂತೆ ಬಾಗಿಸಿ ಹೊಟ್ಟೆ ತೋರಿಸಿ ನಡುಗತೊಡಗಿದಳು. ಈಗ ಇಬ್ಬರೂ ಕುಡಿಕೆಯೊಳಗಿನ ಮರಳನ್ನು ಬಾಯಲ್ಲಿ ಕಚ್ಚಿ ಹೊರಗೆ ಉಗುಳುತ್ತಾರೆ.

ಅವ್ವ ಕುರ್ಚಿ ಎಳೆದುಕೊಂಡು ಕೂತಿದ್ದಾಳೆ. "ಹೊಟ್ಟಿ ನೋಡು, ಕುಂಕುಮ ಬಡದಂಗ ಆಗ್ಯಾದ! ನೀ ಏನಂದಿದ್ದಿ? ಸಾಯಿಸ್ತದ ಅಂದಿದ್ದಿ. ಏನಾತು ಈಗ?"

ಓದಿದ್ದೆಲ್ಲ ತಪ್ಪಾಯಿತು. ಅವ್ವನ ಎದುರು ಹೇಳಲು ನನ್ನ ಬಳಿ ಇದ್ದದ್ದು ಅದೊಂದೇ ಮಾತು.

ಅಕ್ಟೋಬರ್ ೧೮, ಶನಿವಾರ

ಹೆಣ್ಣು ಕುಡಿಕೆಯೊಳಗೇ ಇದೆ, ಮೊಟ್ಟೆ ಇಟ್ಟಿರಬೇಕು. ಬಂಡು ಕುಡಿಕೆಯ ಬಾಯಲ್ಲಿ ಕಾವಲು. ಅರ್ಧ ತೊಟ್ಟಿ ಅವನದು, ಯಾರೂ ದಾಟುವಂತಿಲ್ಲ. ಟೆಟ್ರಾಗಳೆಲ್ಲ ಫಿಲ್ಟರಿನ ಮೂಲೆಯಲ್ಲಿ ಒಂದರ ಮೇಲೊಂದು ಒತ್ತಿಕೊಂಡು ನಿಂತಿವೆ. ಒಂದರ ರೆಕ್ಕೆ ಹರಿದಿದೆ. ಮನೆಗೆ ಬಂದವರೆಲ್ಲ ಕುಡಿಕೆ ನೋಡುತ್ತಾರೆ. ಮೂಲೆ ನೋಡಿದವರು ನಾನು ಮತ್ತು ಗೌತಮಿ.

ಅಕ್ಟೋಬರ್ ೨೨, ಬುಧವಾರ, ಪಾಡ್ಯ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಇಂದು ಪಾಡ್ಯ. ಊರಿನಲ್ಲಿ ನಾವು ಮನೆಯ ಗಂಡಸರಿಗೆಲ್ಲ ಆರತಿ ಎತ್ತುತ್ತೇವೆ, ಅಪ್ಪನಿಗೆ, ಅಣ್ಣತಮ್ಮಂದಿರಿಗೆ. ಇಲ್ಲಿ ಪುಣೆಯಲ್ಲಿ ಪಾಡವಾ ಎಂದರೆ ಹೆಂಡತಿ ಗಂಡನಿಗೆ ಎತ್ತುವ ಆರತಿ. ಎದುರು ಮನೆಯಲ್ಲಿ ಬೆಳಿಗ್ಗೆ ಅದೇ ನಡೆದಿತ್ತು, ಬಾಗಿಲು ತೆರೆದಿತ್ತು, ಎಲ್ಲರೂ ನೋಡಿದ್ದೆವು. ಅವ್ವನಿಗೂ ಇದು ಗೊತ್ತು.

ಭಾವ ಸ್ನಾನ ಮಾಡಿ ಮಣೆಯ ಮೇಲೆ ಕೂತಿದ್ದರು. ಅದೇ ಹೊತ್ತಿಗೆ ಗೌತಮಿ ಕೂಗಿದಳು, "ಪಿಲ್ಲೇ ಆಲೀ!" ಕುಡಿಕೆಯಿಂದ ಮರಿಗಳು ಹೊರಗೆ ಬಂದಿದ್ದವು, ಚಿಟಿಕೆ ಸಾಸಿವೆ ಚೆಲ್ಲಿದ ಹಾಗೆ. ಅವ್ವನ ಕಣ್ಣು ತುಂಬಿತು. ಹಬ್ಬದ ದಿನವೇ ಸಂಸಾರ ಹುಟ್ಟಿತು ಎಂದಳು. ದೀಪ ಹಚ್ಚಿದ ತಾಟನ್ನು ನನ್ನ ಕೈಗೆ ಕೊಟ್ಟಳು.

"ಎತ್ತು, ಶಿವಕಾಂತಾ."

ತಾಟು ಹಿಡಿದೆ. ಎರಡು ಹೆಜ್ಜೆ ಮುಂದೆಯೂ ಹೋದೆ. ಭಾವ ತಲೆ ತಗ್ಗಿಸಿದ್ದರು. ಹೋದ ವರ್ಷದ ಹಿಂದಿನ ಪಾಡ್ಯಕ್ಕೆ ಅಕ್ಕ ಈ ಮಣೆಯ ಮುಂದೆ ನಿಂತು ಆರತಿ ಎತ್ತಿದ ಫೋಟೋ ನನ್ನ ಮೊಬೈಲಿನಲ್ಲಿದೆ. ನಾನು ತಾಟನ್ನು ನೆಲದ ಮೇಲೆ ಇಟ್ಟೆ.

"ನಾ ಎತ್ತಂಗಿಲ್ಲವ್ವಾ."

"ಯಾಕ? ಮೈ ಛಲೋ ಇಲ್ಲೇನು?"

"ಛಲೋ ಅದ. ನಾ ಈ ಮದುವಿ ಆಗಂಗಿಲ್ಲ. ಅದಕ್ಕ ಎತ್ತಂಗಿಲ್ಲ."

ನನ್ನ ದನಿ ಅಷ್ಟು ದೊಡ್ಡದಾಗಿ ಯಾಕೆ ಕೇಳಿಸಿತೋ ತಿಳಿಯದು. ಅವ್ವ ಬಾಗಿಲು ತಳ್ಳಿ ಮುಚ್ಚಿದಳು.

"ಏನ್ ಮಾತಾಡ್ಲತ್ತೀ? ಕೂಸಿನ ಮುಂದ! ಮನೋಹರನಂಥಾ ಹುಡುಗ ದೀಪಾ ಹಚ್ಚಿ ಹುಡುಕಿದ್ರ ಸಿಗ್ತಾನೇನು? ಆ ಪೆಟಿಗ್ಯಾಗ ನೋಡು. ಮೂಕ ಪ್ರಾಣಿ ಅದು. ಹೋದಾಕಿ ಹೋದ್ಲು, ಬಂದಾಕಿ ಬಂದ್ಲು, ಮನಿ ತುಂಬ್ತು. ಅದಕ್ಕಿರೂ ಬುದ್ಧಿ ನಿನಗಿಲ್ಲೇನು?"

"ಅವು ಮೀನವ್ವಾ."

ಅಷ್ಟೇ ಹೇಳಿದೆ. ಸಾಲಲಿಲ್ಲ ಅನ್ನಿಸಿತು. "ಅವ್ರು ಛಲೋರದಾರ. ಗೌತಮಿನ್ನ ನಾ ಬಿಟ್ಟು ಹೋಗಂಗಿಲ್ಲ. ಆದ್ರ ಅಕ್ಕನ ಮಣಿ ಮುಂದ ನಾ ನಿಂದ್ರಂಗಿಲ್ಲ" ಎಂದೆ.

ಭಾವನ ಮುಖದಲ್ಲಿ ಸಮಾಧಾನ ಕಾಣುತ್ತದೆ ಎಂದುಕೊಂಡಿದ್ದೆ. ಕಾಣಲಿಲ್ಲ. ಅವರು ಎದ್ದು ಕೆಳಗೆ ಹೋದರು. ಆರತಿ ತಾನೇ ಆರಿತು.

ಎಷ್ಟೋ ಹೊತ್ತಿನ ಮೇಲೆ ಬಂದು ಬಾಲ್ಕನಿಯಲ್ಲಿ ನಿಂತರು. ನಾನು ಚಹಾ ಒಯ್ದೆ. "ಸಿಟ್ಟಾಗೀರೇನು?" ಎಂದು ಕೇಳಿದೆ.

"ಸಿಟ್ಟಲ್ಲ. ನನ್ನೂ ಯಾರೂ ಕೇಳ್ಲಿಲ್ಲ ನೋಡು. ನೀನೂ ಕೇಳ್ಲಿಲ್ಲ."

"ಕೇಳಿದ್ರ ಏನಂತಿದ್ರಿ?"

ಅವರು ಚಹಾದ ಮೇಲಿನ ಕೆನೆಯನ್ನು ಊದಿ ಬದಿಗೆ ಸರಿಸಿದರು. "ಗೊತ್ತಿಲ್ಲ. ಎಲ್ಲಾರೂ ಅಂದಮ್ಯಾಲ ಹೂಂ ಅಂತಿದ್ನೇನೋ. ಆಮ್ಯಾಲ ದಿನಾ ನಿನ್ನ ಮುಖಾ ನೋಡಿ..." ಲೋಟ ಕೆಳಗಿಟ್ಟರು. "ನಿಮ್ಮ ಅವ್ವಗ ನಾ ಹೇಳ್ತೀನಿ" ಎಂದರು.

ಅಕ್ಟೋಬರ್ ೨೫, ಶನಿವಾರ

ಮೋಹನದಾಸರ ಅಂಗಡಿಯಿಂದ ಎರಡನೆಯ ತೊಟ್ಟಿ ತಂದೆ, ಚಿಕ್ಕದು. ಹಳೆಯ ನೀರು ಅರ್ಧ ಹಾಕಿ ಟೆಟ್ರಾಗಳನ್ನು ಅದಕ್ಕೆ ಸಾಗಿಸಿದೆ. ಮೋಹನದಾಸ್ ಮೊದಲು ತೋರಿಸಿದ ತೊಟ್ಟಿಯ ಮೂಲೆಯಲ್ಲಿ ಬಿರುಕಿತ್ತು. ಏನಾಗಲ್ಲ ಮ್ಯಾಡಮ್, ಟೇಪ್ ಹಚ್ಚಿರಿ ಎಂದರು. "ನಾಹೀ ಚಾಲಣಾರ್, ದುಸರೀ ದ್ಯಾ" ಎಂದೆ, ಇದು ನಡೆಯುವುದಿಲ್ಲ, ಬೇರೆ ಕೊಡಿ ಎಂದು. ಇನ್ನೊಂದು ಕೊಟ್ಟರು. ಬೇರೆ ವಿಶೇಷವಿಲ್ಲ. ಮನೆಯಲ್ಲಿ ಅವ್ವ ನನ್ನೊಡನೆ ಮಾತಾಡುತ್ತಿಲ್ಲ. ಬೆನ್ನು ತಿರುಗಿಸಿಯೇ ರೊಟ್ಟಿ ಬಡಿಯುತ್ತಾಳೆ.

ಅಕ್ಟೋಬರ್ ೨೭, ಸೋಮವಾರ

ಅವ್ವ ಇಂದು ಹೊರಟಳು. ತುಳಸಿ ಲಗ್ನದ ತನಕ ಇರುವುದಿಲ್ಲವಂತೆ. ಭಾವ ಆಟೋ ತರಲು ಗೇಟಿನ ಹೊರಗೆ ಹೋಗಿದ್ದರು. ನಾನು ಅವಳ ಚೀಲ ಹಿಡಿದು ಕೆಳಗೆ ನಿಂತಿದ್ದೆ. ಇಬ್ಬರೂ ರಸ್ತೆ ನೋಡುತ್ತಿದ್ದೆವು.

"ನಾಳಿ ಅಂವ ಹೊರಗಿನಾಕಿನ್ನ ಮಾಡ್ಕೊಂಡು ಬಂದ್ರ?" ಎಂದಳು ಕೊನೆಗೆ.

"ಬರ್ಲಿ."

"ಆಕಿ ಗೌತಮಿಗಿ ಬಡದ್ರ?"

"ನಾ ಕೇಳ್ತೀನಿ. ಸುಮ್ನ ಇರಂಗಿಲ್ಲ."

ಅವ್ವ ಮೊದಲ ಬಾರಿ ನನ್ನ ಮುಖ ನೋಡಿದಳು. ಯಾರೋ ಗುರುತಿನವರನ್ನು ಸಂತೆಯಲ್ಲಿ ಕಂಡ ಹಾಗೆ, ಹೌದೋ ಅಲ್ಲವೋ ಎಂಬಂತೆ.

"ಮೊದಲ ಹೇಳಬೇಕಿತ್ತಿಲ್ಲ, ಕಾಂತಾ."

"ನೀ ಒಮ್ಮೀನೂ ಕೇಳ್ಲಿಲ್ಲವ್ವಾ."

ಆಟೋ ತಿರುವಿನಲ್ಲಿ ಕಾಣಿಸಿತು. ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಕೈಯಿಂದ ಚೀಲ ತೆಗೆದುಕೊಂಡಳು.

"ಕೇಳಿದ್ರ ಬ್ಯಾಡ ಅಂತಿ ಅಂತ ನನಗ ಗೊತ್ತಿತ್ತವ್ವ," ಎಂದಳು. "ಅದಕ್ಕ ಕೇಳ್ಲಿಲ್ಲ."